ಪಟ್ಟಿಗೆ ಸಹಿ ಹಾಕದವರು

ತೀರಿಹೋದವರ ಬಗ್ಗೆ ಬರೆಯುವಾಗ ಮೊದಲ ಸಾಲಿನಲ್ಲೇ ಹೆಸರು, ಊರು, ವಯಸ್ಸು ಹೇಳಿಬಿಡುವುದು ಮರ್ಯಾದೆ. ಆ ಮರ್ಯಾದೆ ನನಗೆ ಗೊತ್ತಿಲ್ಲದೆ ಏನಿಲ್ಲ. ಸೌದಿಯ ಅಲ್ ಖಫ್ಜಿಯ ಒಂದು ತೈಲ ಸೇವಾ ಕಂಪನಿಯ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಮಾಡುತ್ತ ಬಂದಿರುವ ಕೆಲಸವೇ ಅದು. ಹೆಸರು, ದೇಶ, ಇಕಾಮಾ ಎಂಬ ವಾಸದ ಪರವಾನಗಿಯ ನಂಬರು, ಬ್ಯಾಡ್ಜ್ ನಂಬರು, ಬಂದ ದಿನ, ಹೋದ ದಿನ. ಆದರೆ ಇವರ ಹೆಸರನ್ನು ಮಾತ್ರ ಬರೆಯುವುದಿಲ್ಲ. "ನೀನು ಯಾವತ್ತಾದರೂ ನನ್ನ ಬಗ್ಗೆ ಬರೆದರೆ ದಯವಿಟ್ಟು ನನ್ನನ್ನು ಪಟ್ಟಿಯಿಂದ ಬಿಟ್ಟುಬಿಡು" ಎಂದು ಅವರು ಒಮ್ಮೆ ನಗುತ್ತ ಹೇಳಿದ್ದರು. ಅವರು ನಗದೆ ಹೇಳಿದ್ದನ್ನು ಮರೆತರೂ ಅಡ್ಡಿಯಿಲ್ಲ, ನಗುತ್ತ ಹೇಳಿದ್ದನ್ನು ಮರೆಯಬಾರದು ಎಂಬುದು ನಾನು ತಡವಾಗಿ ಕಲಿತ ಪಾಠ.

ಹೋದ ವಾರ ಅವರ ಮಗಳಿಂದ ಮೊಬೈಲಿಗೆ ಮೆಸೇಜ್ ಬಂತು. ಅಪ್ಪ ಹೋದರು, ನಿಮ್ಮ ವಿಷಯ ಆಗಾಗ ಹೇಳುತ್ತಿದ್ದರು ಎಂದು ಎರಡು ಸಾಲು, ಜೊತೆಗೆ ಒಂದು ಫೋಟೊ. ಇನ್ನಾಲಿಲ್ಲಾಹಿ ಹೇಳಿ ಫೋನ್ ಮೇಜಿನ ಮೇಲೆ ಇಟ್ಟೆ. ಆ ಫೋಟೊದ ಸುದ್ದಿಗೆ ಆಮೇಲೆ ಬರುತ್ತೇನೆ.

ಅವರಿಗಿಂತ ಮೊದಲು ಬಂದದ್ದು ಅವರ ಫೈಲು. ಹೊಸ ಸೇಫ್ಟಿ ಆಫೀಸರ್, ಯೂರೋಪಿನ ಪಾಸ್‌ಪೋರ್ಟ್, ದೇಶ ಜೆಕ್. ಗಲ್ಫಿನಲ್ಲಿ ಮನುಷ್ಯನಿಗಿಂತ ಎರಡು ಹೆಜ್ಜೆ ಮುಂದೆ ಅವನ ಪಾಸ್‌ಪೋರ್ಟ್ ನಡೆಯುತ್ತದೆ. ಹಾಗಾಗಿ ಯೂರೋಪಿನವರಿಗೆಂದೇ ಇರುವ ವಿಲ್ಲಾಗೆ ಹೊಸ ಬಣ್ಣ ಹೊಡೆಸಿದೆವು, ಹೊಸ ಪರದೆ ಹಾಕಿದೆವು, ಕಾಫಿ ಮೆಷಿನ್ ಇಟ್ಟೆವು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅವರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದ ಬೋರ್ಡು ಹಿಡಿದು ದಮ್ಮಾಮ್ ಏರ್‌ಪೋರ್ಟಿನಲ್ಲಿ ನಿಂತೆ. ಬಾಗಿಲಿನಿಂದ ಬರುವ ಕೆಂಪು ಮುಖಗಳನ್ನೆಲ್ಲ ನೋಡಿ ನಗುತ್ತಿದ್ದೆ. ಅಷ್ಟರಲ್ಲಿ ನಮ್ಮ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಎರಡನೇ ಸಲ ನೋಡದಂಥ, ನಮ್ಮದೇ ಬಣ್ಣದ, ದಪ್ಪ ಮೀಸೆಯ ನರೆತ ಮನುಷ್ಯರೊಬ್ಬರು ಪೆಟ್ಟಿಗೆ ಸಮೇತ ನನ್ನ ಎದುರಿಗೇ ಬಂದು ನಿಂತರು. ಬೋರ್ಡಿಗೆ ಅಡ್ಡವಾಯಿತು.

"ಭಾಯಿ, ಥೋಡಾ ಸೈಡ್" ಎಂದೆ.

ಅವರು ಪಕ್ಕಕ್ಕೆ ಸರಿದು ನಿಂತರು. ವಿಮಾನ ಖಾಲಿಯಾಯಿತು. ಕೊನೆಗೆ ಉಳಿದವರು ನಾವಿಬ್ಬರೇ, ಬೋರ್ಡು ಹಿಡಿದ ನಾನು ಮತ್ತು ಪೆಟ್ಟಿಗೆ ಹಿಡಿದ ಅವರು. ಆಗ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. "ಬೋರ್ಡಿನಲ್ಲಿ ಇರುವುದು ನನ್ನ ಹೆಸರು. ಆದರೆ ನೀವು ಕಾಯುತ್ತಿರುವುದು ಬೇರೆಯವರನ್ನು ಅನಿಸುತ್ತದೆ."

ಖಫ್ಜಿಯವರೆಗಿನ ದಾರಿಯುದ್ದಕ್ಕೂ ನಾನು ಏಸಿ ಹೆಚ್ಚು ಮಾಡುತ್ತ, ಕಡಿಮೆ ಮಾಡುತ್ತ ಕೂತೆ. ಅವರು ಅದನ್ನು ಮತ್ತೆ ಎತ್ತಲಿಲ್ಲ. ನಮ್ಮ ಕಂಪನಿಯ ಯಾರ್ಡಿನ ಗೇಟಿನಲ್ಲಿ ಸೆಕ್ಯುರಿಟಿಯವ ನನ್ನನ್ನು ಒಳಗೆ ಬಿಟ್ಟು, ಅವರನ್ನು ಕೆಲಸಗಾರರ ಸಾಲಿಗೆ ಹೋಗಲು ಹೇಳಿದ. ಆ ಸಾಲಿನಲ್ಲಿ ಅವರು ಎಷ್ಟೋ ತಿಂಗಳು ದಿನಾ ಪಾಸ್‌ಪೋರ್ಟ್ ಪ್ರತಿ ತೋರಿಸಿದರು. ನಾನು ಕ್ಷಮೆ ಕೇಳಿದರೆ, "ನಮ್ಮ ದೇಶದಲ್ಲೂ ನಿಲ್ಲಿಸುತ್ತಾರೆ. ಇಲ್ಲಿ ಮೊದಲು ಸಲಾಂ ಹೇಳಿ ಆಮೇಲೆ ನಿಲ್ಲಿಸುತ್ತಾರೆ" ಎನ್ನುತ್ತಿದ್ದರು.

ಅವರು ಯಾರು ಎಂಬುದನ್ನು ಕಂಡುಹಿಡಿದದ್ದು ಆಫೀಸಲ್ಲ, ಕೆಲಸಗಾರರ ಮೆಸ್ಸು. ವಿಲ್ಲಾದ ಊಟ ಬಿಟ್ಟು ಅವರು ಮೆಸ್ಸಿಗೆ ಬರುತ್ತಿದ್ದರು. ಒಂದು ದಿನ ಮೆಣಸು ಹತ್ತಿ ಕೆಮ್ಮುತ್ತ "ಪಾನಿ, ಪಾನಿ" ಎಂದರು. ಎದುರಿಗಿದ್ದ ಬಿಹಾರದ ವೆಲ್ಡರ್ ನೀರು ಕೊಟ್ಟು, "ಹಿಂದಿ ಬರುತ್ತದಾ ಸಾಬ್?" ಎಂದ. ಇಲ್ಲ, ಇದು ನಮ್ಮ ಮನೆಯ ಮಾತು ಎಂದರು. ಆಮೇಲೆ ಕಿವಿ ಮುಟ್ಟಿಕೊಂಡು "ಕಾನ್", ಮೂಗು ಮುಟ್ಟಿಕೊಂಡು "ನಾಕ್" ಎಂದರು. ಬೆರಳು ಮಡಚುತ್ತ "ಎಖ್, ದುಯ್, ತ್ರಿನ್" ಎಂದು ಎಣಿಸಿದರು. ಇಡೀ ಮೆಸ್ಸು ಕೈ ತೊಳೆಯದೆ ಸುತ್ತ ನೆರೆಯಿತು. ಇವರ ಜನ ರೋಮಾಗಳು, ಊರವರು ಹೀನಾಯವಾಗಿ ಜಿಪ್ಸಿಗಳು ಎನ್ನುತ್ತಾರೆ, ನಮ್ಮ ಉತ್ತರ ಭಾರತದ ಕಡೆಯಿಂದ ಹೊರಟುಹೋದವರಂತೆ ಎಂಬುದು ಅಂದು ಬಯಲಾಯಿತು.

"ಊರು ಬಿಟ್ಟು ಎಷ್ಟು ವರ್ಷ ಆಯಿತು ಸಾಬ್?" ಎಂದು ವೆಲ್ಡರ್ ಕೇಳಿದ.

"ಸಾವಿರ ಆಗಿರಬಹುದು."

"ಯಾ ಅಲ್ಲಾ, ನಡುವೆ ಒಮ್ಮೆಯೂ ರಜೆಗೆ ಹೋಗಲಿಲ್ಲವಾ?"

"ರೀ-ಎಂಟ್ರಿ ವೀಸಾ ಸಿಗಲಿಲ್ಲ" ಎಂದರು ಅವರು, ಬಹಳ ಬೇಸರದಿಂದ. ಎರಡು ವರ್ಷಕ್ಕೊಮ್ಮೆ ರಜೆಗೂ ಆ ವೀಸಾಕ್ಕೂ ನನ್ನ ಮೇಜಿನ ಮುಂದೆ ನಿಲ್ಲುವ ಆ ಜನಕ್ಕೆ ಅದು ತಮಾಷೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದ ನಗು ಗೇಟಿನವರೆಗೆ ಕೇಳಿಸಿತು.

ನಾನೂ ಸುಮ್ಮನಿರಲಿಲ್ಲ. ನಮ್ಮ ಬಂಟ್ವಾಳದ ಕಡೆಯೂ ಗುಡಾರದವರು ಬರುತ್ತಿದ್ದರು, ಅವರು ಬಂದ ದಿನ ನಮ್ಮ ಉಮ್ಮ ಕೋಳಿಗೂಡಿಗೆ ಬೀಗ ಹಾಕುತ್ತಿದ್ದರು ಎಂದು ದೊಡ್ಡ ಹಾಸ್ಯದಂತೆ ಹೇಳಿದೆ.

"ಕೋಳಿ ಹೋಗಿತ್ತಾ?" ಎಂದು ಕೇಳಿದರು.

ಯೋಚಿಸಿದೆ. "ಹೋಗಿತ್ತು ಸರ್. ಆದರೆ ಅವರು ಬಂದಾಗ ಅಲ್ಲ. ಪಕ್ಕದ ಮನೆಯ ನೆಂಟರು ಬಂದಾಗ."

"ಬೀಗ?"

"ಆಗ ಹಾಕಿರಲಿಲ್ಲ."

ಅವರು ತಲೆಯಾಡಿಸಿ ಊಟ ಮುಂದುವರಿಸಿದರು.

ಅವರ ಕೆಲವು ಪದ್ಧತಿಗಳು ನಮಗೆ ತಲೆನೋವಾಗಿದ್ದವು. ಗ್ಯಾಸ್ ಸೋರಿದರೆ ಎಲ್ಲರೂ ಒಂದು ಕಡೆ ಸೇರಿ ತಲೆ ಎಣಿಸಿಕೊಳ್ಳುವ ಡ್ರಿಲ್ ತಿಂಗಳಿಗೊಮ್ಮೆ ನಡೆಯುತ್ತದೆ. ಅವರು ಬರುವ ಮೊದಲು ಜನರನ್ನು ಸಾಲಾಗಿ ನಿಲ್ಲಿಸಿ ನಾನು ಮೈಕಿನಲ್ಲಿ ಬ್ಯಾಡ್ಜ್ ನಂಬರು ಕೂಗುತ್ತಿದ್ದೆ. ಆರು ನಿಮಿಷದಲ್ಲಿ ಎಣಿಕೆ ಮುಗಿಯುತ್ತಿತ್ತು. ಅವರು ಬಂದು ನಂಬರು ಬೇಡ, ಹೆಸರು ಕರೆಯಿರಿ ಎಂದರು. ಮೊಹಮ್ಮದ್ ಎಂದರೆ ಹದಿನಾಲ್ಕು ಕೈ ಮೇಲೇಳುತ್ತಿದ್ದವು. ಯಾರ ಮಗ, ಯಾವ ಜಿಲ್ಲೆ ಎಂದು ಒಬ್ಬೊಬ್ಬರನ್ನೇ ಬಿಡಿಸುವಾಗ ಅರ್ಧ ಗಂಟೆ ಕಳೆಯುತ್ತಿತ್ತು. ಸಾಲೂ ಇಲ್ಲ, ಶೆಡ್ಡಿನ ನೆರಳಿನಲ್ಲಿ ಮನಸ್ಸು ಬಂದ ಹಾಗೆ ಕೂರಬೇಕು. ನಿಜವಾಗಿ ಗ್ಯಾಸ್ ಸೋರಿದರೆ ಇವರು ಜಿಲ್ಲೆ ಕೇಳುವಷ್ಟರಲ್ಲಿ ನಾವೆಲ್ಲ ಜನ್ನತ್ತಿನಲ್ಲಿ ಇರುತ್ತೇವೆ ಎಂದು ನಾನು ಎಲ್ಲರೆದುರು ಗೇಲಿ ಮಾಡಿದ್ದೆ. ಆರು ತಿಂಗಳಲ್ಲಿ ಅವರು ಎಲ್ಲರ ಮುಖ, ಹೆಸರು ಬಾಯಿಪಾಠ ಮಾಡಿಕೊಂಡರು. ಎಣಿಕೆ ನಾಲ್ಕು ನಿಮಿಷಕ್ಕೆ ಇಳಿಯಿತು. ನನ್ನ ಗೇಲಿಯನ್ನು ಅವರು ನೆನಪಿಸಲಿಲ್ಲ, ನಾನೂ ನೆನಪಿಸಿಕೊಳ್ಳಲಿಲ್ಲ.

"ಏನು ಸರ್, ಸಾಲಿನಲ್ಲಿ ನಿಲ್ಲಿಸಿದರೆ ಏನು ತೊಂದರೆ?" ಎಂದು ಕೇಳಿದ್ದಕ್ಕೆ, "ನಿಲ್ಲಿಸಿ ನಂಬರು ಕರೆಯುವುದು ನಮ್ಮ ಮನೆಗೆ ಆಗಿಬರುವುದಿಲ್ಲ" ಎಂದಿದ್ದರು. ಕೆಲವು ಮನೆಗಳಿಗೆ ಕೆಲವು ತರಕಾರಿ ಆಗಿಬರುವುದಿಲ್ಲವಲ್ಲ, ಅಂಥದ್ದೇನೋ ಇರಬೇಕು ಎಂದುಕೊಂಡು ಬಿಟ್ಟೆ.

ಇನ್ನೊಂದು, ರೊಟ್ಟಿ. ಮೆಸ್ಸಿನಲ್ಲಿ ಉಳಿದ ಖುಬ್ಸ್ ಎಸೆಯಲು ಬಿಡುತ್ತಿರಲಿಲ್ಲ. ಅವರ ಮೇಜಿನ ಡ್ರಾಯರಿನಲ್ಲಿ ಫೈಲುಗಳಿಗಿಂತ ಕಾಗದ ಸುತ್ತಿದ ಖುಬ್ಸ್ ತುಂಡುಗಳೇ ಹೆಚ್ಚು. ನೆಲಕ್ಕೆ ಬಿದ್ದ ತುಂಡನ್ನು ಎತ್ತಿ ತುಟಿಗೆ ಮುಟ್ಟಿಸುತ್ತಿದ್ದರು. ನಮಗೆ ಚಾ ಮಾಡಿಕೊಡುವ ವಿಟ್ಲದ ಹಮೀದಾಕ ಅದನ್ನು ನೋಡಿ, "ಇವರು ನಮ್ಮವರೇ ಮಾರಾಯ್ರೆ. ಎಲ್ಲೋ ತಪ್ಪಿ ಆ ಕಡೆ ಹುಟ್ಟಿದ್ದು" ಎಂದು ತೀರ್ಪು ಕೊಟ್ಟಿದ್ದರು. ಅವರಿಗೆ "ಎಂತ ಮಾರಾಯ" ಎನ್ನುವುದನ್ನು ಕಲಿಸಿದ್ದೂ ಹಮೀದಾಕನೇ. ರಿಯಾದಿನಿಂದ ಬಂದ ದೊಡ್ಡ ಸಾಹೇಬರ ಎದುರು ಮೀಟಿಂಗಿನಲ್ಲಿ ಅವರು ಒಮ್ಮೆ ಅದನ್ನು ಪ್ರಯೋಗಿಸಿಯೂ ಬಿಟ್ಟರು.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ಕನ್ನಡ ಶಾಲೆಯಲ್ಲಿ ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಮಾಸ್ತರರು ಇಡೀ ತರಗತಿಗೆ ನನ್ನ ಕಾಪಿ ಪುಸ್ತಕ ಹಿಡಿದು ತೋರಿಸಿದ್ದರು. ಆ ಹೊಗಳಿಕೆಯಿಂದ ನಾನು ಇಂದಿಗೂ ಚೇತರಿಸಿಕೊಂಡಿಲ್ಲ. ಅಕ್ಷರ ಹೋಗಿ ಕಂಪ್ಯೂಟರ್ ಬಂದಾಗಲೂ ಅಂದವಾದ ಪಟ್ಟಿ ಮಾಡುವ ಚಟ ಬಿಡಲಿಲ್ಲ. ನನ್ನ ಪಟ್ಟಿಗಳನ್ನು ರಿಯಾದಿನ ಹೆಡ್ಡಾಫೀಸಿನಲ್ಲಿ ಮಾದರಿಯೆಂದು ತೋರಿಸುತ್ತಾರೆ ಎಂದು ಯಾರೋ ಹೇಳಿದ್ದರು. ದಕ್ಷ ನೌಕರ ಎಂಬ ಪ್ರಶಸ್ತಿ ಫಲಕ ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲಿ, ಬಂದವರಿಗೆ ಕಾಣುವ ಹಾಗೆ, ತೂಗುತ್ತಿತ್ತು.

ಅಂಥ ದಕ್ಷ ನೌಕರನಿಗೆ ಒಂದು ಐಡಿಯಾ ಬಂತು. ಕೆಲಸಕ್ಕೆ ತಡವಾಗಿ ಬರುವವರು ಹೆಚ್ಚಾಗಿದ್ದಾರೆ ಎಂದು ಹೆಡ್ಡಾಫೀಸು ಗೊಣಗುತ್ತಿದ್ದ ಕಾಲ. ಹೆಲ್ಮೆಟ್ಟಿಗೆ ಬಣ್ಣದ ಸ್ಟಿಕ್ಕರ್ ಹಚ್ಚಿದರೆ ಹೇಗೆ? ಯಾವತ್ತೂ ತಡ ಮಾಡದವರಿಗೆ ಹಸಿರು, ಸಾಧಾರಣದವರಿಗೆ ಹಳದಿ, ತಿಂಗಳಲ್ಲಿ ಮೂರು ಸಲ ತಡ ಮಾಡಿದವರಿಗೆ ಕಪ್ಪು. ದಮ್ಮಾಮಿನ ಒಂದು ಅಂಗಡಿಯಲ್ಲಿ ತ್ರಿಕೋನದ ಸ್ಟಿಕ್ಕರುಗಳು ಕತ್ತರಿಸಿ ರೆಡಿ ಇದ್ದವು. ತಂದೆ. ಒಂದು ತಿಂಗಳು ನಮ್ಮ ಯಾರ್ಡಿನಲ್ಲಿ ನೋಡುವುದು, ಸರಿಹೋದರೆ ಎಲ್ಲ ಸೈಟಿಗೂ ಹಚ್ಚುವುದು ಎಂದು ಹೆಡ್ಡಾಫೀಸು ಖುಷಿಯಿಂದ ಒಪ್ಪಿತು. ಹೆಲ್ಮೆಟ್ಟು ಸುರಕ್ಷೆಯ ಸಾಮಾನಾದ್ದರಿಂದ ಅದರ ಮೇಲೆ ಏನು ಅಂಟಿಸಿದರೂ ಸೇಫ್ಟಿ ಆಫೀಸರ ಸಹಿ ಬೇಕು. ಅವರು ರಜೆಯ ಮೇಲೆ ಊರಿಗೆ ಹೋಗಿದ್ದರು. ಬಂದ ಮೇಲೆ ಸಹಿ ಹಾಕಿಸಿಕೊಂಡರಾಯಿತು ಎಂದು ಪಟ್ಟಿ ಕೊಟ್ಟು ಸ್ಟೋರಿನವರ ಕೈಯಲ್ಲಿ ಅಂಟಿಸಿಬಿಟ್ಟೆ. ಕಪ್ಪು ಬಂದದ್ದು ಹನ್ನೊಂದು ಜನಕ್ಕೆ.

ಆಮೇಲೆ ನಡೆದದ್ದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಬಸ್ಸಿನ ಡ್ರೈವರ್ ಕಪ್ಪಿನವರನ್ನು ಹಿಂದಿನ ಸೀಟಿಗೆ ಕಳಿಸತೊಡಗಿದ. ಮೆಸ್ಸಿನಲ್ಲಿ ಅವರ ತಟ್ಟೆ ಕೊನೆಗೆ ಬಂತು. ಯಾರದೋ ಸ್ಪ್ಯಾನರ್ ಕಾಣೆಯಾದಾಗ ಮೊದಲು ಅವರ ಚೀಲ ನೋಡಿದರು. ಹೇಳಿದವರು ಯಾರು? ಯಾರೂ ಇಲ್ಲ. ನಾನಂತೂ ಅಲ್ಲ. ತಡವಾಗಿ ಬರುವವರ ಸಂಖ್ಯೆ ಇಳಿದದ್ದನ್ನು ಚಾರ್ಟು ಮಾಡಿ ಹೆಡ್ಡಾಫೀಸಿಗೆ ಕಳಿಸಿದೆ ಅಷ್ಟೇ.

ಅವರು ರಜೆಯಿಂದ ಬಂದ ದಿನ ಬೆಳಿಗ್ಗೆ ನೇರ ನನ್ನ ಕೋಣೆಗೆ ಬಂದರು. ಯಾರದೋ ಹೆಲ್ಮೆಟ್ಟು ತಂದು ನನ್ನ ಮೇಜಿನ ಮೇಲೆ ಇಟ್ಟು, ಎದುರಿನ ಕುರ್ಚಿಯಲ್ಲಿ ಕೂತರು. ಕಪ್ಪು ತ್ರಿಕೋನ ನನ್ನ ಕಡೆಗಿತ್ತು.

"ಇದು ಯಾರ ಐಡಿಯಾ?"

"ನಂದೇ ಸರ್" ಎಂದೆ. ಗೋಡೆಯ ಫಲಕದ ಪಕ್ಕ ಇನ್ನೊಂದಕ್ಕೆ ಜಾಗ ಇದೆ ಎಂಬುದು ನನ್ನ ಮನಸ್ಸಿನಲ್ಲಿತ್ತು.

"ತ್ರಿಕೋನ ಯಾಕೆ?"

"ಅಂಗಡಿಯಲ್ಲಿ ರೆಡಿ ಇದ್ದದ್ದು ಅದೇ."

"ಕಪ್ಪು ಯಾಕೆ?"

"ಹಸಿರು, ಹಳದಿ ಆದ ಮೇಲೆ ಉಳಿದದ್ದು ಕಪ್ಪು ಸರ್."

ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ಸ್ವಲ್ಪ ನಕ್ಕೆ. ಆಮೇಲೆ ಕಣ್ಣೊರೆಸಿಕೊಂಡು, "ಅವರೂ ಹೀಗೆಯೇ ಆರಿಸಿರಬೇಕು. ಉಳಿದ ಬಟ್ಟೆಯಿಂದ. ನಾನು ಇಷ್ಟು ವರ್ಷ ಏನೇನೋ ಕಾರಣ ಹುಡುಕುತ್ತಿದ್ದೆ" ಎಂದರು.

ಅವರ ಅಜ್ಜಿಯ ಅಂಗಿಯ ಮೇಲೂ ಇದೇ ಇತ್ತಂತೆ. ಇದೇ ಆಕಾರ, ಇದೇ ಬಣ್ಣ. ಅರ್ಥವೂ ಹತ್ತಿರ ಹತ್ತಿರ ಇದೇ, ಕೆಲಸಗಳ್ಳರು ಎಂದು. ಅಜ್ಜಿಯ ಅಪ್ಪ ಕುದುರೆಗೆ ಲಾಳ ಹೊಡೆಯುತ್ತಿದ್ದವರು, ಹೊತ್ತು ಹುಟ್ಟುವ ಮೊದಲೇ ಏಳುತ್ತಿದ್ದವರು. ಯುದ್ಧಕ್ಕೆ ಎಷ್ಟೋ ವರ್ಷ ಮೊದಲು ಊರಿನ ಕಚೇರಿಯ ಗುಮಾಸ್ತ ಬಂದು ರೋಮಾಗಳಿಗೆಲ್ಲ ಬೇರೆ ಕಾರ್ಡು ಮಾಡಿದ. ಹೆಸರು, ವಯಸ್ಸು, ಬೆರಳಚ್ಚು. ಒಳ್ಳೆಯ ಮನುಷ್ಯ, ಮಕ್ಕಳಿಗೆ ಮಿಠಾಯಿ ಕೊಡುತ್ತಿದ್ದ. ಆಮೇಲೆ ನಾಜಿಗಳು ಬಂದಾಗ ಅವರು ಯಾರನ್ನೂ ಹುಡುಕಬೇಕಾಗಿ ಬರಲಿಲ್ಲ, ಪಟ್ಟಿ ಸಿದ್ಧವಾಗಿತ್ತು. ಮೊದಲು ಊರಿನ ಹತ್ತಿರವೇ ಒಂದು ಕ್ಯಾಂಪಿಗೆ ಹಾಕಿದರು. ಕಾವಲಿಗೆ ನಿಂತವರು ಪರದೇಶದವರೂ ಅಲ್ಲ, ಅದೇ ಸೀಮೆಯ ಪೊಲೀಸರು. ಹಸಿವು, ಜ್ವರದಲ್ಲಿ ಮಕ್ಕಳು ಅಲ್ಲೇ ಹೋದವು. ಉಳಿದವರನ್ನು ರೈಲಿನಲ್ಲಿ ದೊಡ್ಡ ಕ್ಯಾಂಪಿಗೆ ಸಾಗಿಸಿ, ದಿನಾ ಸಾಲಾಗಿ ನಿಲ್ಲಿಸಿ ನಂಬರು ಕರೆದು, ಕೊನೆಗೆ ವಿಷಗಾಳಿಯಲ್ಲಿ ಮುಗಿಸಿದರು. ಅಜ್ಜಿಗೆ ಹದಿನೇಳು ವರ್ಷ, ಗಟ್ಟಿಮುಟ್ಟಾಗಿದ್ದಳು. ಕೆಲಸಕ್ಕೆಂದು ಬೇರೆ ಕ್ಯಾಂಪಿಗೆ ಕಳಿಸಿದ್ದರಿಂದ ಉಳಿದಳು. ಕೆಲಸಗಳ್ಳಿ ಎಂದು ಬರೆದವರೇ ಒಳ್ಳೆಯ ಕೆಲಸಗಾತಿ ಎಂದು ಆರಿಸಿದ್ದು. ಅವಳ ಮನೆಯವರು ಹದಿಮೂರು ಜನ ಉಳಿಯಲಿಲ್ಲ. ಅಜ್ಜಿಯ ಕೈಯಲ್ಲಿ ಒಂದು ಅಕ್ಷರ, ಕೆಲವು ಅಂಕಿಗಳ ಹಚ್ಚೆ ಇತ್ತು. ಇದೇನು ಎಂದು ಇವರು ಸಣ್ಣವರಿದ್ದಾಗ ಕೇಳಿದರೆ, "ನಾನು ಕಳೆದುಹೋದರೆ ಸಿಕ್ಕಿದವರು ವಾಪಸ್ ಕೊಡಲಿ ಎಂದು" ಎನ್ನುತ್ತಿದ್ದಳಂತೆ.

"ಆ ಮೊದಲ ಕ್ಯಾಂಪ್ ಇತ್ತಲ್ಲ, ಆಮೇಲೆ ಅಲ್ಲಿ ಏನು ಮಾಡಿದರು ಗೊತ್ತಾ? ಹಂದಿ ಸಾಕುವ ಫಾರಂ. ಹತ್ತಿರ ಹತ್ತಿರ ಐವತ್ತು ವರ್ಷ. ಹೂ ಇಡಲು ಹೋದರೆ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಈಚೆಗಷ್ಟೇ ಒಡೆದು ತೆಗೆದರು."

ನಾನು ಅಸ್ತಗ್‌ಫಿರುಲ್ಲಾ ಎಂದೆ. ನಮ್ಮ ಶಾಲೆಯ ಪುಸ್ತಕದಲ್ಲಿ ಆ ಯುದ್ಧಕ್ಕೆ ಒಂದು ಪಾಠ ಇತ್ತು. ಯಹೂದಿಗಳ ಬಗ್ಗೆ ಮೂರು ಸಾಲು ಇತ್ತು. ಇವರ ಜನ ಆ ಪುಟದಲ್ಲಿ ಇರಲೇ ಇಲ್ಲ.

"ಆ ಗುಮಾಸ್ತನ ಕಾರ್ಡುಗಳನ್ನು ನಾನು ಹಳೆಯ ದಾಖಲೆಗಳಲ್ಲಿ ನೋಡಿದ್ದೇನೆ" ಎಂದರು. "ಎಷ್ಟು ಚೆಂದದ ಅಕ್ಷರ ಅಂತೀಯಾ. ಒಂದು ಚಿತ್ತಿಲ್ಲ, ಕಾಟಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಸ್ಥಿತಿ ಹಾಗಾಯಿತು. ಸಿಟ್ಟೂ ಬಂತು. "ಸರ್, ಅಲ್ಲಿ ಜನರನ್ನು ಕೊಂದರು. ಇಲ್ಲಿ ನಾನು ಎಂತ ಮಾಡಿದ್ದು? ಒಂದು ಸ್ಟಿಕ್ಕರ್."

"ಹೌದು, ಭೂಮಿ ಆಕಾಶದ ವ್ಯತ್ಯಾಸ. ಇದನ್ನು ಅದು ಎಂದು ನಾನು ಹೇಳಿದರೆ ನನ್ನ ಅಜ್ಜಿ ಎದ್ದು ಬಂದು ಹೊಡೆದಾಳು. ಆದರೆ ಆ ಗುಮಾಸ್ತನೂ ಯಾರನ್ನೂ ಕೊಲ್ಲಲಿಲ್ಲ ನೋಡು. ಕಾರ್ಡು ಬರೆದ, ಮಿಠಾಯಿ ಕೊಟ್ಟ." ಮೇಜಿನ ಮೇಲಿದ್ದ, ಕಪ್ಪು ಸ್ಟಿಕ್ಕರಿನವರ ನನ್ನ ಪಟ್ಟಿಯ ಮೇಲೆ ಬೆರಳಿಟ್ಟರು. ಅದರಲ್ಲಿ ಹೆಸರಿರಲಿಲ್ಲ, ಅಂದಕ್ಕೋಸ್ಕರ ಬರೀ ನಂಬರು ಹಾಕಿದ್ದೆ. "ಈ ನಾಲ್ಕು ಸಾವಿರದ ನಾನೂರ ಎಪ್ಪತ್ತೊಂದು ಯಾರು?"

ನನಗೆ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದೆ. ಹಮೀದಾಕ.

ತಪ್ಪಾಗಿದೆ ಎಂದುಕೊಂಡು ಮತ್ತೆ ನೋಡಿದೆ. ಇಪ್ಪತ್ತು ವರ್ಷದಲ್ಲಿ ಒಂದು ದಿನ ತಡ ಮಾಡದ ಜನ. ಪ್ಯಾಂಟ್ರಿಗೆ ಹೋದೆ. ಹಮೀದಾಕ ಚಾ ಸೋಸುತ್ತಿದ್ದರು, ಹೆಲ್ಮೆಟ್ಟು ಮೂಲೆಯಲ್ಲಿ ಮಗುಚಿ ಇಟ್ಟಿತ್ತು. ಒಳಗೆ ಬಂದಾಗ ಅದನ್ನು ತೆಗೆದಿಡುವುದರಿಂದ ನಾನು ನೋಡಿಯೇ ಇರಲಿಲ್ಲ.

"ನೀವು ಯಾವಾಗ ತಡ ಮಾಡಿದ್ದು ಹಮೀದಾಕ?"

"ನಿಮಗೆಲ್ಲ ಬಂದ ಕೂಡಲೇ ಚಾ ಬೇಕಲ್ಲ. ಮೊದಲು ಒಲೆ ಹಚ್ಚಿ, ಹಾಲು ಇಟ್ಟು, ಮತ್ತೆ ಗೇಟಿಗೆ ಹೋಗಿ ಪಂಚ್ ಮಾಡುವುದು. ಅಷ್ಟರಲ್ಲಿ ಐದು ನಿಮಿಷ ಹೋಗ್ತದೆ" ಎಂದರು. ಆಮೇಲೆ ಸ್ವಲ್ಪ ನಾಚಿಕೆಯಿಂದ, "ಸ್ಟಿಕ್ಕರ್ ಕೊಟ್ಟಾಗ ಸೀನಿಯರ್ ಅಂತ ಕೊಟ್ಟದ್ದು ಅಂದುಕೊಂಡೆ. ಸುತ್ತ ಇದ್ದವರಿಗೆಲ್ಲ ಹಳದಿ, ನನಗೆ ಮಾತ್ರ ಬೇರೆ. ಫೋಟೊ ತೆಗೆದು ಮನೆಗೆ ಕಳಿಸಿಯೂ ಆಯಿತು. ಮತ್ತೆ ಬಸ್ಸಿನಲ್ಲಿ ಹಿಂದೆ ಹೋಗಿ ಅಂದಾಗ ಗೊತ್ತಾಯಿತು. ಈಗ ಮನೆಗೆ ಎಂತ ಹೇಳುವುದು ಅಂತ..." ಎಂದು ಚಾ ಲೋಟ ನನ್ನ ಕೈಗೆ ಕೊಟ್ಟರು.

ಆ ಚಾ ನನಗೆ ಇಳಿಯಲಿಲ್ಲ. ನನ್ನ ಚಾಕ್ಕಾಗಿ ತಡವಾದವರಿಗೆ ನಾನೇ ಕಪ್ಪು ಹಚ್ಚಿದ್ದೆ. ನಾಚಿಕೆ ಎಂದರೆ ಏನು ಎಂದು ನನಗೆ ಅಂದು ಗೊತ್ತಾಯಿತು. ಐವತ್ತು ತುಂಬಿದ ಮೇಲೆ.

ಅವರು ಸಹಿ ಹಾಕಲಿಲ್ಲ. ಅವರ ಕಾಂಟ್ರಾಕ್ಟು ಎರಡು ತಿಂಗಳಲ್ಲಿ ಮುಗಿಯುವುದಿತ್ತು. ಸ್ಟಿಕ್ಕರಿಗೆ ಸಹಿಯಾದರೆ ಮುಂದುವರಿಕೆಯ ಪತ್ರವೂ ಆದ ಹಾಗೆ ಎಂದು ರಿಯಾದಿನ ಸಾಹೇಬರು ಫೋನಿನಲ್ಲಿ ಬಹಳ ನಯವಾಗಿ ಹೇಳಿದರು. ಆ ಪತ್ರವನ್ನು ಟೈಪ್ ಮಾಡಿಟ್ಟವನೂ ನಾನೇ. ಅವರಿಗೆ ಆ ಕೆಲಸ ಬೇಕಿತ್ತು. ಮಗಳ ಮನೆ ಅರ್ಧ ಕಟ್ಟಿ ನಿಂತಿತ್ತು. ಅವರ ಊರಿನಲ್ಲಿ ಅವರ ಬಣ್ಣ, ಮೀಸೆ ನೋಡಿದ ಮೇಲೆ ಕೆಲಸ ಕೊಡುವವರು ಇರಲಿಲ್ಲ, ಆ ವಯಸ್ಸಿಗಂತೂ ಇಲ್ಲವೇ ಇಲ್ಲ. "ಅಂಟಿನ ರಾಸಾಯನಿಕದಿಂದ ಹೆಲ್ಮೆಟ್ಟು ಬಲ ಕಳೆದುಕೊಳ್ಳುತ್ತದೆ ಎಂದು ಬರೆದುಬಿಡಿ ಸರ್, ಸುಲಭವಾಗಿ ಮುಗಿಯುತ್ತದೆ" ಎಂದು ನಾನು ದಾರಿ ತೋರಿಸಿದೆ. "ಹೆಲ್ಮೆಟ್ಟಿಗೆ ಏನೂ ಆಗುವುದಿಲ್ಲ" ಎಂದರು. ಫೈಲಿನಲ್ಲಿ ಒಂದೇ ಸಾಲು ಬರೆದರು: ಇದು ತಲೆಗೆ ಅಪಾಯಕಾರಿ.

ರಿಯಾದಿನವರು ಮುಂದುವರಿಕೆಯ ಪತ್ರ ವಾಪಸ್ ತರಿಸಿಕೊಂಡರು. ಬೇರೆ ಸೈಟಿನ ಸೇಫ್ಟಿ ಆಫೀಸರೊಬ್ಬರು ಎರಡೇ ನಿಮಿಷದಲ್ಲಿ ಸಹಿ ಹಾಕಿ ಕಳಿಸಿದರು. ಎಲ್ಲ ಸೈಟಿಗೂ ಸಾಕಾಗುವಷ್ಟು ಸ್ಟಿಕ್ಕರ್ ತರಿಸು ಎಂದು ನನಗೆ ಆದೇಶ ಬಂತು.

ನಾನು ಧೈರ್ಯವಂತನಲ್ಲ. ಎದ್ದು ನಿಂತು ಆಗುವುದಿಲ್ಲ ಎನ್ನಲಿಲ್ಲ. ನನಗೆ ಗೊತ್ತಿರುವುದು ಆಫೀಸು ಕೆಲಸ ಒಂದೇ, ಅದನ್ನೇ ಮಾಡಿದೆ. ಅಂಟಿನ ಗುಣಮಟ್ಟದ ಸರ್ಟಿಫಿಕೇಟ್ ಬೇಕು ಎಂದು ಅಂಗಡಿಗೆ ಬರೆದೆ. ಸರ್ಟಿಫಿಕೇಟ್ ಬಂದಾಗ ಅದರ ಅರಬ್ಬಿ ಅನುವಾದ ಬೇಕು ಎಂದೆ. ಅನುವಾದ ಬಂದಾಗ ಅದಕ್ಕೆ ಮೊಹರು ಇರಲಿಲ್ಲ. ಮೊಹರು ಬಂದಾಗ ಸ್ಯಾಂಪಲ್ಲಿನ ಹಸಿರು ಒಪ್ಪಿದ ಹಸಿರಿಗೆ ಹೊಂದಲಿಲ್ಲ. ಫೋನ್ ಬಂದಾಗಲೆಲ್ಲ "ಬುಕ್ರಾ, ಇನ್‌ಶಾಅಲ್ಲಾ" ಎಂದು ನಾಳೆಗೆ ತಳ್ಳಿದೆ. ನಮ್ಮ ಹನ್ನೊಂದು ಹೆಲ್ಮೆಟ್ಟುಗಳ ಸ್ಟಿಕ್ಕರನ್ನು ಗುಣಮಟ್ಟ ಪರೀಕ್ಷೆಗೆಂದು ಹಿಂಪಡೆದಿದೆ ಎಂದು ಫೈಲಿನಲ್ಲಿ ಬರೆದು, ಕೂತು ಉಗುರಿನಲ್ಲಿ ನಾನೇ ಕಿತ್ತೆ. ಎಂಟು ತಿಂಗಳಾದಾಗ ರಿಯಾದಿಗೆ ಹೊಸ ಸಾಹೇಬರು ಬಂದು ಹಳೆಯ ಯೋಜನೆಗಳನ್ನೆಲ್ಲ ರದ್ದು ಮಾಡಿದರು. ಆ ವರ್ಷದಿಂದ ನನಗೆ ದಕ್ಷ ನೌಕರ ಫಲಕ ಸಿಕ್ಕಿಲ್ಲ.

ಈ ಅಡ್ಡಗಾಲಿನ ಶುರುವಿನ ದಿನಗಳಲ್ಲಿ, ಅವರು ಇನ್ನೂ ಇಲ್ಲಿರುವಾಗಲೇ, ಅವರಿಗೆ ಸರ್ಟಿಫಿಕೇಟಿನ ಕಥೆ ಹೇಳಿದೆ. ಎದುರಿನ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದರು. "ನನ್ನ ಅಜ್ಜಿಯ ಊರಿನ ಕಚೇರಿಯಲ್ಲೂ ಒಬ್ಬ ಸೋಮಾರಿ ಗುಮಾಸ್ತ ಇರಬೇಕಿತ್ತು" ಎಂದರು. ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಿಕ್ಕಿದ ಹೊಗಳಿಕೆಗಳಲ್ಲಿ ಇದೊಂದನ್ನು ಗೋಡೆಗೆ ಹಾಕಲು ಬರುವುದಿಲ್ಲ.

ಹೊರಡುವ ಹಿಂದಿನ ದಿನ ಒಂದು ದಪ್ಪ ಬಿಳಿ ಕಾಗದ ತಂದರು.

"ಆ ಹದಿಮೂರು ಹೆಸರು ಹೇಳುತ್ತೇನೆ. ನಿನ್ನ ಅಕ್ಷರದಲ್ಲಿ ಬರೆದುಕೊಡು. ನಿಮ್ಮ ಊರಿನ ಲಿಪಿಯಲ್ಲಿ."

"ಕನ್ನಡದಲ್ಲಾ? ನಿಮ್ಮಲ್ಲಿ ಯಾರು ಓದುತ್ತಾರೆ ಸರ್?"

"ಯಾರೂ ಓದುವುದು ಬೇಡ. ನಮ್ಮನ್ನು ಇದುವರೆಗೆ ಯಾರೂ ಪಟ್ಟಿ ಮಾಡದ ಲಿಪಿ ಅದೊಂದೇ ಇರಬೇಕು. ಒಬ್ಬ ಗುಮಾಸ್ತ ಬರೆದದ್ದನ್ನು ಇನ್ನೊಬ್ಬ ಗುಮಾಸ್ತನೇ ತಿದ್ದಿ ಬರೆಯಲಿ."

ಒಳ್ಳೆಯ ಪೆನ್ನು ತೆಗೆದೆ. ಎಷ್ಟೋ ವರ್ಷದ ಮೇಲೆ ಕೈಯಲ್ಲಿ ಕನ್ನಡ ಬರೆಯುವುದು, ಮಾಸ್ತರರು ಹಿಂದೆ ನಿಂತ ಹಾಗೆ ಅನಿಸಿತು. ಅವರು ಹೇಳುತ್ತ ಹೋದರು, ನಾನು ಬರೆದೆ. ಯೋಸೆಫ್. ಮರೀಯೆ. ನಮ್ಮ ಯೂಸುಫ್, ನಮ್ಮ ಮರಿಯಂ. ಅನ್ನಾ. ಆಂಟೊನಿನ್. ರೂಜೆನಾ. ಆರನೆಯದಕ್ಕೆ ಬಂದಾಗ ಅವರು ಮುಂದಕ್ಕೆ ಬಾಗಿದರು. ಕಾಗದದ ಕಡೆ ನೋಡುತ್ತಿದ್ದರು. ಆಗ ನಾನೂ ನೋಡಿದೆ. ಕೈ ತನ್ನ ಅಭ್ಯಾಸದಂತೆ ಪ್ರತಿ ಹೆಸರಿನ ಎಡಕ್ಕೆ ಒಂದು, ಎರಡು, ಮೂರು ಎಂದು ಅಂದವಾಗಿ ನಂಬರು ಹಾಕುತ್ತ ಬಂದಿತ್ತು.

ನಾನು ಆ ಕಾಗದವನ್ನು ಹರಿದೆ. ಅವರು ಇನ್ನೊಂದು ಕಾಗದ ಮುಂದೆ ಸರಿಸಿದರು. ಎರಡು ತಂದಿದ್ದರು. ನನ್ನಂಥವರು ಅವರಿಗೆ ಗೊತ್ತಿಲ್ಲದೆ ಇಲ್ಲ.

ಹನ್ನೆರಡು ಹೆಸರು ಆಯಿತು. ಹದಿಮೂರನೆಯದು ಅಜ್ಜಿಯ ಅಕ್ಕನ ಮಗು, ದೊಡ್ಡ ಕ್ಯಾಂಪಿನಲ್ಲಿ ಹುಟ್ಟಿದ್ದು. ಹೆಸರಿಡುವ ಮೊದಲೇ ಅದಕ್ಕೆ ನಂಬರು ಇಟ್ಟರು. ಪುಟ್ಟ ಕೈಯಲ್ಲಿ ಜಾಗ ಸಾಲದೆ ತೊಡೆಯ ಮೇಲೆ. ಆಮೇಲೆ ಹೆಸರಿಡುವಷ್ಟು ದಿನ ಅದು ಬದುಕಲಿಲ್ಲ.

"ಹೆಸರಿಡದ ಮಗುವನ್ನು ನಿಮ್ಮಲ್ಲಿ ಏನೆಂದು ಕರೆಯುತ್ತಾರೆ?"

"ಕನ್ನಡದಲ್ಲಿ ಕೂಸು ಎನ್ನುತ್ತಾರೆ ಸರ್."

"ಕೂಸು" ಎಂದು ಅವರು ಒಮ್ಮೆ ಹೇಳಿ ನೋಡಿದರು. "ಬರೆ."

ಕಣ್ಣು ಮಂಜಾಗಿ ಕೊಂಬು ಸ್ವಲ್ಪ ಓರೆಯಾಯಿತು. ಮಾಸ್ತರರಾಗಿದ್ದರೆ ಕಿವಿ ಹಿಂಡುತ್ತಿದ್ದರು. ಮರುದಿನ ಹಮೀದಾಕ ಕಟ್ಟಿಕೊಟ್ಟ ಖುಬ್ಸ್ ಪೊಟ್ಟಣ ಕೈಯಲ್ಲಿ ಹಿಡಿದು, ಗೇಟಿನಲ್ಲಿ ಕೊನೆಯ ಸಲ ಪಾಸ್‌ಪೋರ್ಟ್ ತೋರಿಸಿ, ಅವರು ಹೋದರು.

ಇನ್ನು ಆ ಫೋಟೊ. ಅವರ ಮನೆಯ ಅಡುಗೆಕೋಣೆಯ ಗೋಡೆ. ಮೇಜಿನ ಮೇಲೆ ರೊಟ್ಟಿ, ಉರಿಯುವ ಒಂದು ಮೇಣದ ಬತ್ತಿ. ಅದರ ಮೇಲೆ, ಮರದ ಚೌಕಟ್ಟಿನಲ್ಲಿ, ಗಾಜು ಹಾಕಿಸಿ ತೂಗುಹಾಕಿದ ನನ್ನ ಕಾಗದ. ತಲೆಕೆಳಗಾಗಿ.

ಪಾಪ, ಅವರಿಗೇನು ಗೊತ್ತು, ಕನ್ನಡದ ತಲೆ ಯಾವುದು, ಕಾಲು ಯಾವುದು ಎಂದು. ಇಷ್ಟು ವರ್ಷ ಅವರು ಅದರ ಕೆಳಗೆ ಕೂತು ಊಟ ಮಾಡಿದ್ದಾರೆ. ತಿರುಗಿಸಿ ಹಾಕಿ ಎಂದು ಮಗಳಿಗೆ ಮೆಸೇಜ್ ಟೈಪ್ ಮಾಡಿದೆ. ಆಮೇಲೆ ಅಳಿಸಿದೆ. ಮುಂದೆ ಯಾವತ್ತಾದರೂ ಯಾವನಾದರೂ ದಕ್ಷ ನೌಕರ ಪಟ್ಟಿ ಹುಡುಕಿಕೊಂಡು ಆ ಮನೆಗೆ ಬಂದರೆ ಅವನಿಗೆ ಅಷ್ಟಾದರೂ ಕಷ್ಟವಾಗಲಿ.

ಆದರೆ ನನಗೆ ಓದಬೇಕಿತ್ತು. ಫೋನ್ ತಿರುಗಿಸಿದರೆ ಅದು ತಾನೂ ಚಿತ್ರವನ್ನು ತಿರುಗಿಸುತ್ತದೆ, ಅದೂ ದಕ್ಷವೇ. ಅದನ್ನು ಮೇಜಿನ ಮೇಲೆ ಹಾಗೇ ಇಟ್ಟು ನಾನು ಎದ್ದೆ. ಮೇಜಿಗೆ ಸುತ್ತು ಬಂದು, ಅವರು ಕೂರುತ್ತಿದ್ದ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಎಲ್ಲ ಹೆಸರೂ ನೇರವಾಗಿ ಕಾಣುತ್ತಿದ್ದವು. ಹಮೀದಾಕ ಚಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಾಯಿ ಬಿಟ್ಟು, ಒಂದೊಂದಾಗಿ, ಯೋಸೆಫನಿಂದ ಶುರುಮಾಡಿ ಓರೆ ಕೊಂಬಿನ ಕೂಸಿನವರೆಗೆ ಓದಿದೆ.